ಎರಡನೇ ಟ್ರೇ ಏಕೆ ಉಬ್ಬಲಿಲ್ಲ? ಗಡಿಬಿಡಿಯ ಬೆಳಗಿನಲ್ಲಿ ಬಾಳೆಹಣ್ಣಿನ ಮಫಿನ್

ಎರಡನೇಮಹಡಿ (ಮೈಸೂರು), ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಂದು ಬೆಳಿಗ್ಗೆ ಒಂದೇ ಬೋಗುಣಿಯಲ್ಲಿ ಕಲಸಿದ ಹಿಟ್ಟಿನಿಂದ ಎರಡು ಟ್ರೇ ಮಫಿನ್ ಮಾಡಿದೆ. ಮೊದಲ ಟ್ರೇಯ ಆರೂ ಚೆನ್ನಾಗಿ ಉಬ್ಬಿ, ತಲೆಯ ಮೇಲೆ ಸಣ್ಣ ಬಿರುಕು ಬಿಟ್ಟು, ನೋಡಿದರೆ ಮನಸ್ಸು ತುಂಬುವಂತೆ ಬಂದವು. ಎರಡನೇ ಟ್ರೇಯ ಆರು ಮಾತ್ರ ಕಾಗದದ ಕಪ್ಪಿನ ಅಂಚನ್ನೂ ಮುಟ್ಟದೆ, ನಡುವೆ ತಗ್ಗಾಗಿ, ಕಡುಬಿನಂತೆ ಗಟ್ಟಿಯಾಗಿ ಕುಳಿತವು. ಕಚ್ಚಿದರೆ ಕೊನೆಯಲ್ಲಿ ಸಾಬೂನಿನಂಥ ಒಂದು ರುಚಿ ನಾಲಗೆಯಲ್ಲಿ ಉಳಿಯುತ್ತಿತ್ತು. ಹಿಟ್ಟು ಒಂದೇ, ಓವನ್ ಒಂದೇ, ಕೈ ಒಂದೇ. ತಪ್ಪು ಎಲ್ಲಿ ಆಯಿತೆಂದು ತಿಳಿದವರು ಹೇಳಬೇಕು.

ಬೆಳಗು ಹೇಗಿತ್ತೆಂದು ಹೇಳದಿದ್ದರೆ ನಿಮಗೆ ಕಾರಣ ಹುಡುಕುವುದು ಕಷ್ಟವಾದೀತು. ಮಗಳ ನೃತ್ಯ ತರಗತಿಯಲ್ಲಿ ಈ ವರ್ಷದ ಕೊನೆಯ ದಿನವಾದ್ದರಿಂದ ಹನ್ನೆರಡು ಮಕ್ಕಳಿಗೆ ತಿಂಡಿ ತರುವುದಾಗಿ ಅವಳೇ ಒಪ್ಪಿಕೊಂಡು ಬಂದಿದ್ದಳು. ಅದು ನನಗೆ ತಿಳಿದದ್ದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ. ಮಾವನವರಿಗೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಇತ್ತು, ಮಾದರಿ ತೆಗೆದುಕೊಳ್ಳುವವರು ಏಳು ಗಂಟೆಗೆ ಮನೆಗೆ ಬರುತ್ತೇವೆಂದಿದ್ದರು. ಮಗನಿಗೆ ಕ್ರಿಕೆಟ್ ಅಭ್ಯಾಸ, ಯಜಮಾನರಿಗೆ ರಾತ್ರಿ ಪಾಳಿ ಮುಗಿಸಿ ಬಂದ ನಿದ್ದೆ, ಮನೆಕೆಲಸದವರಿಗೆ ಊರಹಬ್ಬದ ರಜೆ.

7.10ಕ್ಕೆ ಹಿಟ್ಟು ಕಲಸಿದೆ. ಎರಡು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಚೆನ್ನಾಗಿ ಕಳಿತ ಆರು ಏಲಕ್ಕಿ ಬಾಳೆಹಣ್ಣು, ಮುಕ್ಕಾಲು ಕಪ್ ಹುಳಿ ಮೊಸರು, ಅರ್ಧ ಕಪ್ ಎಣ್ಣೆ, ಚಿಟಿಕೆ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಡಬ್ಬಿ ತೆರೆದರೆ ತಳದಲ್ಲಿ ಗಟ್ಟಿಯಾದ ಒಂದು ಉಂಡೆ ಮಾತ್ರ ಇತ್ತು, ಆದ್ದರಿಂದ ಅದನ್ನು ಹಾಕಲಿಲ್ಲ. ನಮ್ಮ ಓಟಿಜಿಯಲ್ಲಿ ಆರು ಗುಳಿಯ ಒಂದು ಟ್ರೇ ಮಾತ್ರ ಹಿಡಿಯುತ್ತದೆ. ಮೊದಲ ಟ್ರೇಯನ್ನು 180 ಡಿಗ್ರಿಯಲ್ಲಿ ಇಟ್ಟು, ಉಳಿದ ಅರ್ಧ ಹಿಟ್ಟನ್ನು ತಟ್ಟೆ ಮುಚ್ಚಿ ಕಟ್ಟೆಯ ಮೇಲಿಟ್ಟೆ. ಅಷ್ಟರಲ್ಲಿ ರಕ್ತಪರೀಕ್ಷೆಯವರು ಬಂದರು. ಅವರನ್ನು ಕಳುಹಿಸಿ ಮಾವನವರಿಗೆ ಕಾಫಿ ಕೊಡುವಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಹುಡುಗ ಕೆಳಗಿನಿಂದ ಕೂಗಿದ. ಒಟ್ಟಿನಲ್ಲಿ ಎರಡನೇ ಟ್ರೇ ಓವನ್ ಸೇರಿದಾಗ ಎಂಟು ಗಂಟೆ. ತುಂಬುವ ಮೊದಲು ಹಿಟ್ಟು ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಬಂದು ಉಬ್ಬಿದಂತೆ ಕಂಡಿತು. ಸಂತೋಷಪಟ್ಟು, ಸೌಟಿನಿಂದ ಚೆನ್ನಾಗಿ ಒಮ್ಮೆ ಕಲಕಿ ಹಾಕಿದೆ.

ಸೌದೆಭಟ್ಟಿ (ಹಾಸನ), ಶನಿವಾರ ರಾತ್ರಿ 10.25

ಅಮ್ಮ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದ ಕೊನೆಯ ಎರಡು ಸಾಲುಗಳಲ್ಲಿಯೇ ಇದೆ. ನಾನು ಮೂವತ್ತು ವರ್ಷ ಬೇಕರಿಯಲ್ಲಿ ದುಡಿದವನು, ಈಗ ಮೊಮ್ಮಕ್ಕಳಿಗೆ ಮನೆಯ ಓವನ್‌ನಲ್ಲಿ ಮಾಡಿಕೊಡುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರಪಡಬೇಡಿ.

ಅಡುಗೆ ಸೋಡಾ ಹುಳಿಯನ್ನು ಕಂಡ ಕ್ಷಣದಿಂದಲೇ ಕೆಲಸ ಆರಂಭಿಸುತ್ತದೆ. ಮೊಸರಿನ ಹುಳಿಯೂ ಕಳಿತ ಬಾಳೆಹಣ್ಣಿನ ಹುಳಿಯೂ ಸೇರಿ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಡಿಸುತ್ತವೆ, ಆ ಅನಿಲವೇ ಹಿಟ್ಟನ್ನು ಎತ್ತುವ ಕೈ. ಅದು ಓವನ್ನಿನ ಬಿಸಿಗಾಗಿ ಕಾಯುವುದಿಲ್ಲ, ನಿಮ್ಮ ಸಿಲಿಂಡರಿನ ಹುಡುಗನಿಗಾಗಿಯೂ ಕಾಯುವುದಿಲ್ಲ. ಮೊದಲ ಟ್ರೇ ಐದು ನಿಮಿಷದೊಳಗೆ ಒಳಗೆ ಹೋಯಿತು; ಗುಳ್ಳೆಗಳು ಹುಟ್ಟುತ್ತಿರುವಾಗಲೇ ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಯಿತು, ಗುಳ್ಳೆ ಇದ್ದಲ್ಲೇ ಸೆರೆಸಿಕ್ಕಿತು. ಎರಡನೆಯದು ಐವತ್ತು ನಿಮಿಷ ಹೊರಗೆ ಕುಳಿತಿತು. ನೀವು ಕಂಡು ಸಂತೋಷಪಟ್ಟ ಆ ಗುಳ್ಳೆಗಳೇ ಉಳಿದಿದ್ದ ಕೊನೆಯ ಅನಿಲ. ಸೌಟು ತಿರುಗಿಸಿ ಅದನ್ನೂ ಹೊರಗೆ ಕಳುಹಿಸಿಬಿಟ್ಟಿರಿ. ಇಡ್ಲಿ ಹಿಟ್ಟಾಗಿದ್ದರೆ ಹುದುಗಿನ ಜೀವ ಒಳಗಿರುವುದರಿಂದ ಮತ್ತೆ ಉಬ್ಬುತ್ತದೆ. ಸೋಡಾ ಹಾಕಿದ ಹಿಟ್ಟಿಗೆ ಆ ಜೀವ ಇಲ್ಲ, ಒಮ್ಮೆ ಹೋದರೆ ಹೋಯಿತು.

ಮೈದಾಕ್ಕೆ ನೀರಿನ ಅಂಶ ಸೋಕಿ ಕಲಕುತ್ತಾ ಹೋದಂತೆ ಅದರಲ್ಲಿ ಜಿಗುಟು, ಅಂದರೆ ಗ್ಲುಟೆನ್, ಬೆಳೆಯುತ್ತದೆ. ಪರೋಟಕ್ಕೆ ಅದು ಬೇಕು, ಮಫಿನ್‌ಗೆ ಅದು ಶತ್ರು. ಎರಡನೇ ಟ್ರೇಯ ಒಂದನ್ನು ಉದ್ದಕ್ಕೆ ಸೀಳಿ ನೋಡಿ. ತಳದಿಂದ ಮೇಲಕ್ಕೆ ಎರೆಹುಳು ಕೊರೆದಂತೆ ಉದ್ದುದ್ದ ಸುರಂಗಗಳಿದ್ದರೆ ಅತಿಯಾಗಿ ಕಲಕಿದ ಗುರುತು. ಒಣ ಹಿಟ್ಟಿನ ಬಿಳಿ ಗೆರೆ ಮಾಯವಾಗುವವರೆಗೆ, ಹನ್ನೆರಡು ಹದಿನೈದು ಸುತ್ತು ಕೈ ಆಡಿಸಿದರೆ ಸಾಕು. ಸಣ್ಣ ಗಂಟುಗಳಿದ್ದರೆ ಇರಲಿ, ಬೇಯುವಾಗ ಅವು ಕರಗುತ್ತವೆ.

ಸಾಬೂನಿನ ರುಚಿಗೆ ಕಾರಣ ಸೋಡಾ ಹೆಚ್ಚಾದದ್ದು. ಒಂದು ಕಪ್ ಮೈದಾಕ್ಕೆ ಕಾಲು ಟೀ ಚಮಚ ಸಾಮಾನ್ಯವಾಗಿ ಸಾಕಾಗುತ್ತದೆ. ನೀವು ಅದರ ಎರಡರಷ್ಟು ಹಾಕಿದ್ದೀರಿ. ಮೊದಲ ಟ್ರೇಯಲ್ಲೂ ಆ ರುಚಿ ಇದ್ದೇ ಇರುತ್ತದೆ, ಹಗುರವಾಗಿದ್ದುದರಿಂದ ನಾಲಗೆಗೆ ತಿಳಿಯಲಿಲ್ಲ. ಹೊಸ ಬೇಕಿಂಗ್ ಪೌಡರ್ ತಂದು ಒಂದೂವರೆ ಟೀ ಚಮಚ ಹಾಕಿ, ಸೋಡಾವನ್ನು ಅರ್ಧ ಚಮಚಕ್ಕೆ ಇಳಿಸಿ. ಡಬ್ಬಿಯ ಮೇಲೆ ‘ಡಬಲ್ ಆಕ್ಟಿಂಗ್’ ಎಂದಿದ್ದರೆ ಅದು ತನ್ನ ಅನಿಲದ ಒಂದು ಪಾಲನ್ನು ಒದ್ದೆಯಾದಾಗಲೂ ದೊಡ್ಡ ಪಾಲನ್ನು ಬಿಸಿ ತಗುಲಿದಾಗಲೂ ಬಿಡುತ್ತದೆ. ನಿಮ್ಮಂಥ ಮನೆಗೆ ಅದೇ ಸರಿ. ಹಳೆಯ ಡಬ್ಬಿಯ ಮೇಲೆ ಅನುಮಾನ ಬಂದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ. ಭರ್ರೆಂದು ನೊರೆ ಬಂದರೆ ಬದುಕಿದೆ ಎಂದರ್ಥ.

ಸಿರಿಧಾನ್ಯ (ತುಮಕೂರು), ಶನಿವಾರ ರಾತ್ರಿ 11.05

ಹನ್ನೆರಡು ಮಕ್ಕಳಿಗೆ ಮೈದಾ ಮತ್ತು ಸಕ್ಕರೆ ತಿನ್ನಿಸಲು ಇಷ್ಟೊಂದು ಕಷ್ಟಪಡಬೇಕಿತ್ತೇ? ಕಡಲೆಬೀಜದ ಉಂಡೆ ಕಟ್ಟಿ ಕೊಟ್ಟಿದ್ದರೆ ಹಿಂದಿನ ರಾತ್ರಿಯೇ ಕೆಲಸ ಮುಗಿಯುತ್ತಿತ್ತು. ಕೊಂಕು ಎಂದು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಎರಡನೇಮಹಡಿ (ಮೈಸೂರು), ಶನಿವಾರ ರಾತ್ರಿ 11.20

ಸೌದೆಭಟ್ಟಿ ಅವರೇ, ಒಂದನ್ನು ಸೀಳಿ ನೋಡಿದೆ. ನೀವು ಹೇಳಿದಂತೆಯೇ ನಾಲ್ಕು ಸುರಂಗಗಳಿವೆ. ನಮ್ಮ ಮಗ ಅದರಲ್ಲಿ ಒಂದಕ್ಕೆ ಬೆಂಕಿಕಡ್ಡಿ ತೂರಿಸಿ ತೋರಿಸಿದ.

ಸಿರಿಧಾನ್ಯ ಅವರೇ, ಉಂಡೆ ಕಟ್ಟಬಹುದಿತ್ತು, ನಿಜ. ಆದರೆ ಮಗಳು ಕೇಳಿದ್ದು ಮಫಿನ್. ಅವಳು ಏನನ್ನಾದರೂ ಬಾಯಿಬಿಟ್ಟು ಕೇಳುವುದೇ ಅಪರೂಪವಾಗಿರುವಾಗ ಬೇರೆಯದನ್ನು ಕೊಟ್ಟು ಕಳುಹಿಸಲು ಮನಸ್ಸಾಗಲಿಲ್ಲ.

ನನಗೆ ಈಗ ಉಳಿದಿರುವ ಪ್ರಶ್ನೆ ಬೇರೆ. ಮುಂದಿನ ಶನಿವಾರ ಮಗನ ಹುಟ್ಟುಹಬ್ಬ, ಮತ್ತೆ ಹನ್ನೆರಡು ಬೇಕು. ಯಾರೂ ಕರೆಯದ, ಬಾಗಿಲು ಬಡಿಯದ ಒಂದು ಗಂಟೆ ನಮ್ಮ ಮನೆಯಲ್ಲಿ ಸಿಗುವುದಿಲ್ಲ. ಹೀಗಿರುವಾಗ ಈ ಕೆಲಸವನ್ನು ಎಲ್ಲಿ ಕೈಬಿಟ್ಟು ಏಳಬಹುದು, ಎಲ್ಲಿ ಏಳಲೇಬಾರದು?

ಕಡಲಕರೆ (ಕುಂದಾಪುರ), ಭಾನುವಾರ ಬೆಳಿಗ್ಗೆ 6.50

ನಿಮ್ಮ ಪ್ರಶ್ನೆ ಓದಿ ನನಗೆ ಬನ್ಸ್ ನೆನಪಾಯಿತು, ಏಕೆಂದರೆ ಸಾಮಗ್ರಿ ಹೆಚ್ಚುಕಡಿಮೆ ಅದೇ: ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಮೈದಾ, ಸೋಡಾ. ಬನ್ಸಿನ ಹಿಟ್ಟನ್ನು ನಾವು ರಾತ್ರಿ ಕಲಸಿಟ್ಟು ಬೆಳಿಗ್ಗೆ ಲಟ್ಟಿಸಿ ಕರಿಯುತ್ತೇವೆ, ಏನೂ ಕೆಡುವುದಿಲ್ಲ, ಬದಲಿಗೆ ರುಚಿ ಏರುತ್ತದೆ. ಹಾಗಾದರೆ ಮಫಿನ್ ಹಿಟ್ಟು ಮಾತ್ರ ಏಕೆ ಕಾಯುವುದಿಲ್ಲ ಎಂದು ನಾನೂ ಒಂದು ಕಾಲದಲ್ಲಿ ತಲೆಕೆಡಿಸಿಕೊಂಡಿದ್ದೆ. ಬನ್ಸಿನದು ನಾದಿದ ಗಟ್ಟಿ ಕಣಕ, ಎಳೆದರೆ ಹಿಗ್ಗುತ್ತದೆ. ಬಿಸಿ ಎಣ್ಣೆಗೆ ಬಿದ್ದಾಗ ಒಳಗಿನ ನೀರು ಹಬೆಯಾಗಿ ಅದನ್ನು ಪೂರಿಯಂತೆ ಉಬ್ಬಿಸುತ್ತದೆ. ಮಫಿನ್‌ನದು ಸಡಿಲವಾದ ಹಿಟ್ಟು, ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ.

ಆದ್ದರಿಂದ ನನ್ನ ಲೆಕ್ಕದಲ್ಲಿ ಗೆರೆ ಇರುವುದು ಒಂದೇ ಕಡೆ: ಒಣದು ಮತ್ತು ಹಸಿಯದು ಸೇರುವ ಕ್ಷಣ. ಅಲ್ಲಿಯವರೆಗೆ ಎಷ್ಟು ಬಾರಿ ಬೇಕಾದರೂ ಕೈ ತೊಳೆದು ಏಳಿ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿ ಪುಡಿ ಎಲ್ಲವನ್ನೂ ಜರಡಿ ಹಿಡಿದು ಬಾಟಲಿಗೆ ತುಂಬಿಡಿ, ಒಂದು ವಾರ ಮೊದಲೇ ಆದರೂ ಚಿಂತೆಯಿಲ್ಲ. ಬಾಟಲಿ ಮಾತ್ರ ಒಣಗಿರಬೇಕು, ನಮ್ಮ ಕರಾವಳಿಯ ಮಳೆಗಾಲದಲ್ಲಾದರೆ ಮುಚ್ಚಳ ಬಿಗಿಯಾಗಿರಬೇಕು. ಬಾಳೆಹಣ್ಣು, ಸಕ್ಕರೆ, ಮೊಸರು, ಎಣ್ಣೆ ಸೇರಿಸಿ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಹಣ್ಣು ಸ್ವಲ್ಪ ಕಪ್ಪಾಗುತ್ತದೆ, ಬೆಂದ ಮೇಲೆ ಅದು ಕಾಣುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಹೊರಗೆ ತೆಗೆದಿಡಿ, ಇಲ್ಲದಿದ್ದರೆ ತಣ್ಣನೆಯ ಹಿಟ್ಟು ಒಳಗೆ ಬೇಯಲು ತಡಮಾಡುತ್ತದೆ. ಗೆರೆ ದಾಟಿದ ಮೇಲೆ ಯಾರು ಬಾಗಿಲು ಬಡಿದರೂ ಟ್ರೇ ಒಳಗೆ ಹೋಗುವವರೆಗೆ ಹೊರಡಬೇಡಿ. ಅದು ನಾಲ್ಕೈದು ನಿಮಿಷದ ಮಾತು.

ಎರಡು ಟ್ರೇ ಬೇಕೆಂದರೆ ಒಣದಕ್ಕೆ ಎರಡು ಬಾಟಲಿ, ಹಸಿಯದಕ್ಕೆ ಎರಡು ಪಾತ್ರೆ. ಒಂದೇ ಬೋಗುಣಿಯಲ್ಲಿ ಹನ್ನೆರಡಕ್ಕೂ ಕಲಸುವ ಆಸೆಯನ್ನು ಬಿಡಬೇಕು, ಪಾತ್ರೆ ತೊಳೆಯುವ ಕೆಲಸ ಹೆಚ್ಚಾದರೂ ಸರಿಯೇ.

ತೆಂಕಣಗಾಳಿ (ಮೆಲ್ಬರ್ನ್), ಭಾನುವಾರ ಮಧ್ಯಾಹ್ನ 12.15

ನಾನು ಇಲ್ಲಿಗೆ ಬಂದ ಮೊದಲ ವರ್ಷ ಅಳತೆಯ ಕಾರಣಕ್ಕೇ ಮೂರು ಬಾರಿ ಸೋತೆ. ಆಸ್ಟ್ರೇಲಿಯಾದ ಕಪ್ಪು 250 ಮಿಲಿಲೀಟರ್, ಇಲ್ಲಿನ ಊಟದ ಚಮಚ 20 ಮಿಲಿಲೀಟರ್. ಊರಿನಿಂದ ತಂದ ಅಳತೆ ಚಮಚ 15. ಇಲ್ಲಿ ಸೆಲ್ಫ್ ರೈಸಿಂಗ್ ಹಿಟ್ಟು ಎಂದು ಸಿಗುತ್ತದೆ, ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆತಿರುತ್ತದೆ. ಅದು ತಿಳಿಯದೆ ಮೇಲೆ ಮತ್ತೆರಡು ಚಮಚ ಹಾಕಿ, ಉಕ್ಕಿ ಹರಿದ ಹಿಟ್ಟನ್ನು ಓವನ್ನಿನ ತಳದಿಂದ ಕೆರೆಯುತ್ತಾ ಕುಳಿತಿದ್ದೆ. ಯಾವ ದೇಶದವರ ಅಳತೆ ನೋಡುತ್ತಿದ್ದೇವೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸಾಧ್ಯವಾದರೆ ತಕ್ಕಡಿ ಬಳಸಿ; ಒಂದು ಕಪ್ ಮೈದಾ ಎಂದರೆ ಸುಮಾರು 125 ಗ್ರಾಂ, ಡಬ್ಬಿಯೊಳಗೆ ಅದುಮಿ ತೆಗೆದರೆ ಅದೇ ಕಪ್ಪಿನಲ್ಲಿ 150 ಗ್ರಾಂ ಕೂಡ ಕುಳಿತುಬಿಡುತ್ತದೆ.

ಗಡಿಬಿಡಿಗೆ ನನ್ನ ಪರಿಹಾರ ಬೇರೆ. ನಾನು ಆ ದಿನ ಮಾಡುವುದೇ ಇಲ್ಲ. ಭಾನುವಾರ ಮಧ್ಯಾಹ್ನ ಎರಡು ಡಜನ್ ಮಾಡಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಚೀಲದಲ್ಲಿ ಫ್ರೀಜರ್‌ಗೆ ಹಾಕುತ್ತೇನೆ. ಎರಡು ಮೂರು ತಿಂಗಳು ಚೆನ್ನಾಗಿರುತ್ತವೆ. ಬೆಳಿಗ್ಗೆ ಕಲ್ಲಿನಂತಿರುವುದನ್ನು ಹಾಗೆಯೇ ಡಬ್ಬಿಗೆ ಹಾಕಿದರೆ ಮಕ್ಕಳು ಊಟದ ಬಿಡುವಿನಲ್ಲಿ ತೆರೆಯುವಾಗ ಮೆತ್ತಗಾಗಿರುತ್ತದೆ. ಬಿಸಿ ಇರುವಾಗ ಮುಚ್ಚಿಟ್ಟರೆ ಮಾತ್ರ ಹಬೆ ನೀರಾಗಿ ಮೇಲ್ಭಾಗ ಅಂಟಂಟಾಗುತ್ತದೆ. ಫ್ಯಾನ್ ಇರುವ ಓವನ್ ಆದರೆ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ.

ಜೋನಿಬೆಲ್ಲ (ಶಿರಸಿ), ಭಾನುವಾರ ಸಂಜೆ 4.30

ಫ್ರೀಜರ್ ಒಳ್ಳೆಯ ಉಪಾಯವೇ, ಆದರೆ ನಮ್ಮ ಊರಿನ ಕರೆಂಟನ್ನು ನಂಬಿ ಎರಡು ಡಜನ್ ಕೂಡಿಡುವ ಧೈರ್ಯ ನನಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಮಫಿನ್ ಒಳಗಿರುವಾಗಲೇ ಕರೆಂಟು ಹೋಗುವುದುಂಟು. ಆಗ ಗಾಬರಿಯಾಗಿ ಬಾಗಿಲು ತೆರೆಯುವುದೇ ದೊಡ್ಡ ತಪ್ಪು. ಹದಿನೈದು ನಿಮಿಷ ಆಗಿದ್ದರೆ ಮುಚ್ಚಿಯೇ ಬಿಡಿ, ಒಳಗಿನ ಕಾವಿನಲ್ಲಿ ಬಹುಮಟ್ಟಿಗೆ ಬೆಂದುಕೊಳ್ಳುತ್ತವೆ. ಐದೇ ನಿಮಿಷ ಆಗಿದ್ದರೆ ಕುಕ್ಕರ್ ಹುಡುಕಿ: ತಳದಲ್ಲಿ ಒಂದು ಪದರ ಪುಡಿ ಉಪ್ಪು, ಅದರ ಮೇಲೆ ಒಂದು ಸ್ಟ್ಯಾಂಡು, ಮುಚ್ಚಳದ ರಬ್ಬರ್ ಮತ್ತು ವಿಷಲ್ ತೆಗೆದಿರಬೇಕು, ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಸ್ಟೀಲ್ ಬಟ್ಟಲುಗಳನ್ನು ಇಡಿ. ಮೇಲ್ಭಾಗ ಕೆಂಪಾಗುವುದಿಲ್ಲ, ಉಬ್ಬುವುದಕ್ಕೆ ಅಡ್ಡಿಯಿಲ್ಲ.

ಮೇಲ್ಭಾಗ ಕೆಂಪಾಗಬೇಕೆಂಬ ಕಷ್ಟವನ್ನು ಹಿಂದಿನವರು ಓವನ್ ಇಲ್ಲದೆಯೇ ಬಗೆಹರಿಸಿದ್ದರು. ನಮ್ಮ ಕಡೆ ಕೊಂಕಣಿಗರ ಮನೆಗಳಲ್ಲಿ ಸೌತೆಕಾಯಿ ತುರಿದು, ಅಕ್ಕಿ ರವೆ, ಬೆಲ್ಲ, ಕಾಯಿತುರಿ ಸೇರಿಸಿ ತವಸಳಿ ಮಾಡುತ್ತಾರೆ. ದಪ್ಪ ತಳದ ಪಾತ್ರೆಯ ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಮೇಲೆ ಕೆಳಗೆ ಎರಡೂ ಕಡೆ ಕಾವು ಕೊಡುವ ನಿಮ್ಮ ಓಟಿಜಿ ಮಾಡುವುದೂ ಇದನ್ನೇ.

ಸಕ್ಕರೆಯ ಬದಲು ನಾನು ಜೋನಿ ಬೆಲ್ಲ ಹಾಕುತ್ತೇನೆ. ದೋಸೆಗೆ ನೆಂಚಿಕೊಳ್ಳುವ ಅದೇ ನೀರು ಬೆಲ್ಲ, ಕರಗಿಸುವ ಶೋಧಿಸುವ ಕೆಲಸವಿಲ್ಲ. ಒಂದು ಮಾತು ನೆನಪಿಡಿ, ಅದು ದ್ರವವಾದ್ದರಿಂದ ಮೊಸರನ್ನು ಎರಡು ಮೂರು ಚಮಚ ಕಡಿಮೆ ಮಾಡಬೇಕು. ಅಚ್ಚು ಬೆಲ್ಲವಾದರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಮಣ್ಣು ಕಸ ಶೋಧಿಸಿ, ಪೂರ್ತಿ ಆರಿಸಿ. ಬಣ್ಣ ಗಾಢವಾಗುತ್ತದೆ, ಆದ್ದರಿಂದ ಬಣ್ಣ ನೋಡಿ ಬೆಂದಿದೆ ಎಂದುಕೊಂಡು ಮೋಸಹೋಗಬೇಡಿ. ಹಿಡಿಕಡ್ಡಿಯೊಂದನ್ನು ತೊಳೆದು ನಡುವೆ ಚುಚ್ಚಿ ನೋಡಿ.

ಸಿರಿಧಾನ್ಯ (ತುಮಕೂರು), ಭಾನುವಾರ ರಾತ್ರಿ 8.10

ನಿನ್ನೆ ಒರಟಾಗಿ ಬರೆದೆ ಎನಿಸಿತು. ತಾಯಿಯಾದವರ ಉತ್ತರ ಸರಿಯಾಗಿದೆ. ಪ್ರಾಯಶ್ಚಿತ್ತವಾಗಿ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ.

ರಾಗಿಯಲ್ಲಿ ಗ್ಲುಟೆನ್ ಇಲ್ಲವಾದ್ದರಿಂದ ಪೂರ್ತಿ ರಾಗಿಯಲ್ಲಿ ಮಾಡಿದರೆ ಮುಟ್ಟಿದ ಕೂಡಲೇ ಪುಡಿಯಾಗುತ್ತದೆ. ಮೂರರಲ್ಲಿ ಒಂದು ಪಾಲು ರಾಗಿ ಹಿಟ್ಟು, ಉಳಿದದ್ದು ಮೈದಾ ಅಥವಾ ಗೋಧಿ ಹಿಟ್ಟು ಇರಲಿ. ರಾಗಿಯನ್ನು ಸೋಡಾ ಹಾಕದೆ ಮೊಸರಿನಲ್ಲಿ ರಾತ್ರಿ ನೆನೆಸಿಡುತ್ತೇನೆ. ಬೆಳಿಗ್ಗೆ ಅದರ ತರಿ ಬಾಯಿಗೆ ಸಿಗುವುದಿಲ್ಲ. ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ, ಕಲಸಿದ ಮೇಲೆ ಬಿಗಿಯೆನಿಸಿದರೆ ಎರಡು ಚಮಚ ಹಾಲು ಸೇರಿಸಿ. ಹುರಿಹಿಟ್ಟು ಹಾಕಿದರೆ ಪರಿಮಳ ಇನ್ನೂ ಚೆನ್ನ, ಆದರೆ ಅದು ನನ್ನ ನಾಲಗೆಯ ಮಾತು.

ಪಡ್ಡುಹಂಚು (ದಾವಣಗೆರೆ), ಸೋಮವಾರ ಬೆಳಿಗ್ಗೆ 10.40

ಒಂದೇ ಟ್ರೇ ಇರುವುದು ತೊಂದರೆ ಎನ್ನುವುದಾದರೆ, ಗುಳಿಗಳುಳ್ಳ ಇನ್ನೊಂದು ಪಾತ್ರೆ ಬಹಳ ಮನೆಗಳಲ್ಲಿ ಮೊದಲೇ ಇರುತ್ತದೆ, ಅದನ್ನು ಯಾರೂ ಹೇಳಲಿಲ್ಲವಲ್ಲ. ನಾವು ಪಡ್ಡು ಎನ್ನುತ್ತೇವೆ, ಇನ್ನೊಂದು ಕಡೆ ಗುಂಡುಪಂಗಳ, ಕರಾವಳಿಯಲ್ಲಿ ಗುಳಿಯಪ್ಪ. ಮೊದಲ ಟ್ರೇ ಓವನ್ನಿನಲ್ಲಿರುವಾಗಲೇ ಉಳಿದ ಹಿಟ್ಟನ್ನು ಒಲೆಯ ಮೇಲೆ ಪಡ್ಡಿನ ಹಂಚಿಗೆ ಹಾಕಿಬಿಡಿ, ಕಾಯುವ ಪ್ರಶ್ನೆಯೇ ಬರುವುದಿಲ್ಲ.

ಗುಳಿಗೆ ತುಪ್ಪ ಸವರಿ, ಮುಕ್ಕಾಲು ಭಾಗ ತುಂಬಿಸಿ, ತೀರಾ ಸಣ್ಣ ಉರಿಯಲ್ಲಿ ಮುಚ್ಚಿಡಿ. ಸಿಹಿ ಇರುವುದರಿಂದ ಬೇಗ ತಳ ಹತ್ತುತ್ತದೆ, ಉರಿ ಒಂದಿಷ್ಟು ಹೆಚ್ಚಾದರೂ ಹೊರಗೆ ಕಪ್ಪು, ಒಳಗೆ ಹಸಿ. ನಾಲ್ಕು ನಿಮಿಷಕ್ಕೆ ಅಂಚು ಬಿಡತೊಡಗಿದಾಗ ಕಡ್ಡಿಯಿಂದ ತಿರುವಿ, ಇನ್ನೆರಡು ನಿಮಿಷ. ಮಕ್ಕಳು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕವು ಬರುತ್ತವೆ.

ಸೌದೆಭಟ್ಟಿ (ಹಾಸನ), ಸೋಮವಾರ ಮಧ್ಯಾಹ್ನ 2.00

ರುಚಿಯಾಗಿರುತ್ತದೆ, ಒಪ್ಪುತ್ತೇನೆ. ಆದರೆ ತಿರುವಿ ಹಾಕಿದ್ದನ್ನು ಮಫಿನ್ ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಪಡ್ಡುಹಂಚು (ದಾವಣಗೆರೆ), ಸೋಮವಾರ ಮಧ್ಯಾಹ್ನ 2.20

ನಮ್ಮ ಅತ್ತೆಯವರೂ ಅದನ್ನು ಸಿಹಿ ಪಡ್ಡು ಎಂದೇ ಕರೆಯುತ್ತಾರೆ, ಸರ್. ಇಂಗ್ಲೆಂಡಿನವರ ಮೂಲ ಮಫಿನ್ ಈಸ್ಟ್ ಹಾಕಿ ಕಾವಲಿಯ ಮೇಲೆ ಎರಡೂ ಬದಿ ಬೇಯಿಸುವ ಚಪ್ಪಟೆ ರೊಟ್ಟಿ; ನೀವೀಗ ಹೇಳುತ್ತಿರುವ ಕಪ್ಪಿನ ಮಫಿನ್ ಅಮೆರಿಕದವರದು. ತಿರುವಿ ಹಾಕುವವರಿಗೂ ಆ ಹೆಸರಿನ ಮೇಲೆ ಸ್ವಲ್ಪ ಹಕ್ಕಿದೆ.

ಮೂರನೇಪಾಳಿ (ಬೆಂಗಳೂರು), ಸೋಮವಾರ ರಾತ್ರಿ 11.50

ಯಾರೂ ಮೊಟ್ಟೆಯ ಮಾತೆತ್ತಲಿಲ್ಲ. ನಾನು ಒಂದು ಮೊಟ್ಟೆ ಹಾಕುತ್ತೇನೆ, ಎಷ್ಟು ಗಡಿಬಿಡಿಯಾದರೂ ಒಮ್ಮೆಯೂ ಕುಸಿದದ್ದಿಲ್ಲ. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಒಳಗಿನ ಗೋಡೆಗಳನ್ನು ಹಿಡಿದು ನಿಲ್ಲಿಸುತ್ತದೆ. ಮೊಟ್ಟೆ ಇಲ್ಲದ್ದು ಅಸಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ, ತಪ್ಪಿದ್ದರೆ ತಿದ್ದಿ.

ಸೌದೆಭಟ್ಟಿ (ಹಾಸನ), ಮಂಗಳವಾರ ಬೆಳಿಗ್ಗೆ 7.30

ತಿದ್ದುತ್ತೇನೆ. ನಮ್ಮ ಕಡೆಯ ಅಯ್ಯಂಗಾರ್ ಬೇಕರಿಗಳು ಹೆಸರು ಮಾಡಿದ್ದು ಮೊಟ್ಟೆ ಇಲ್ಲದೆಯೇ. ಇನ್ನೊಂದು ವಿಷಯ. ಈಸ್ಟ್ ಇಲ್ಲದೆ ರೊಟ್ಟಿ ಉಬ್ಬಿಸಲು 1843ರಲ್ಲಿ ಬೇಕಿಂಗ್ ಪೌಡರನ್ನು ರೂಪಿಸಿದವನು ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್. ಅವನ ಹೆಂಡತಿಗೆ ಈಸ್ಟ್ ಆಗುತ್ತಿರಲಿಲ್ಲ, ಮೊಟ್ಟೆಯೂ ಆಗುತ್ತಿರಲಿಲ್ಲ. ಅದಕ್ಕೂ ಆರು ವರ್ಷ ಮೊದಲು, 1837ರಲ್ಲಿ, ಅವಳಿಗಾಗಿಯೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ಮಾಡಿದ್ದ. ಈ ಹನ್ನೆರಡು ಮಕ್ಕಳಲ್ಲಿಯೂ ಮೊಟ್ಟೆ ತಿನ್ನದವರು ಇದ್ದೇ ಇರುತ್ತಾರೆ, ಆದ್ದರಿಂದ ಈ ತಾಯಿಯ ಕ್ರಮವೇ ಸರಿ. ನಿಮಗೆ ಗೋಡೆ ನಿಲ್ಲಬೇಕೆಂದಿದ್ದರೆ ಒಂದು ಮೊಟ್ಟೆಯ ಬದಲು ಒಂದು ಊಟದ ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ.

ಎರಡನೇಮಹಡಿ (ಮೈಸೂರು), ಶನಿವಾರ ರಾತ್ರಿ 10.05

ಮಾಡಿದ್ದನ್ನು ವರದಿ ಒಪ್ಪಿಸದಿದ್ದರೆ ನಿದ್ದೆ ಬಾರದು.

ಬುಧವಾರವೇ ಒಣ ಮಿಶ್ರಣವನ್ನು ಜರಡಿ ಹಿಡಿದು ಎರಡು ಹಳೆಯ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿಟ್ಟೆ. ಒಂದೊಂದರಲ್ಲಿ 125 ಗ್ರಾಂ ಹಿಟ್ಟು, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಚಿಟಿಕೆ ಉಪ್ಪು. ಮಾವನವರು ಬಿಳಿ ಪುಡಿಯ ಬಾಟಲಿ ನೋಡಿ ಹಾಲಿನ ಪುಡಿ ಎಂದುಕೊಂಡು ಚಮಚ ಹಾಕುವುದರಲ್ಲಿದ್ದರು, ಆಮೇಲೆ ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ. ಶುಕ್ರವಾರ ರಾತ್ರಿ ಹಸಿ ಮಿಶ್ರಣ ಎರಡು ಪಾತ್ರೆಗಳಲ್ಲಿ ಫ್ರಿಜ್ಜು ಸೇರಿತು.

ಬೆಳಿಗ್ಗೆ ಐದೂವರೆಗೆ ಎದ್ದು ಪಾತ್ರೆಗಳನ್ನು ಹೊರಗಿಟ್ಟೆ. ಗೀಸರ್ ನಿಂತ ಮೇಲೆ ಓಟಿಜಿ ಹಚ್ಚಿದೆ, ಏಕೆಂದರೆ ನಮ್ಮ ಮನೆಯ ಹಳೆಯ ವೈರಿಂಗಿನಲ್ಲಿ ಎರಡೂ ಒಟ್ಟಿಗೆ ನಡೆದರೆ ಫ್ಯೂಸ್ ಹೋಗುತ್ತದೆ. 6.50ಕ್ಕೆ ಒಂದನೇ ಬಾಟಲಿಯ ಮುಚ್ಚಳ ತೆರೆಯಲು ಕೈ ಹಾಕಿದ್ದೆ, ಆಗ ಸರಿಯಾಗಿ ಊರಿನಿಂದ ನಾದಿನಿಯ ಫೋನು, ಮಗುವಿಗೆ ಶುಭಾಶಯ ಹೇಳಲು. ಕಡಲಕರೆ ಅವರು ಹೇಳಿದ ಗೆರೆ ನೆನಪಾಯಿತು. ಮುಚ್ಚಳವನ್ನು ಮತ್ತೆ ಬಿಗಿದು ಹತ್ತು ನಿಮಿಷ ನೆಮ್ಮದಿಯಾಗಿ ಮಾತಾಡಿದೆ. ಫೋನಿಟ್ಟು ಬಂದು ಒಣದನ್ನು ಹಸಿಯದಕ್ಕೆ ಸುರಿದು ಎಣಿಸಿ ಹದಿನಾಲ್ಕು ಸುತ್ತು ಕಲಸಿದೆ. ಗಂಟುಗಳನ್ನು ಒಡೆಯಬೇಕೆಂದು ಕೈ ತುರಿಸುತ್ತಿತ್ತು, ಸೌಟನ್ನೇ ಸಿಂಕಿಗೆ ಹಾಕಿ ತಪ್ಪಿಸಿಕೊಂಡೆ. ಟ್ರೇ ತುಂಬುವಾಗ ಮಗ ಬಂದು ತನ್ನ ಬಿಳಿ ಕಾಲುಚೀಲ ಎಲ್ಲಿ ಎಂದು ಕೇಳಿದ. ಉತ್ತರ ಕೊಡಲಿಲ್ಲ, ಅದೂ ಈ ಮನೆಯಲ್ಲಿ ಮೊದಲ ಬಾರಿ.

ಎರಡನೆಯ ಟ್ರೇಗೆ ಎರಡನೇ ಬಾಟಲಿ, ಮೊದಲನೆಯದು ಹೊರಗೆ ಬಂದು ಟ್ರೇ ಆರಿದ ಮೇಲಷ್ಟೇ ಕಲಸಿದ್ದು. ಹನ್ನೆರಡೂ ಉಬ್ಬಿದವು. ಒಂದರ ಕಾಗದ ಅಂಟಿಕೊಂಡು ತಳ ಕಿತ್ತುಹೋಯಿತು, ಅದನ್ನು ಯಜಮಾನರು ಚಹಾದ ಜೊತೆ ಮುಗಿಸಿದರು. ಒಂದು ಸಣ್ಣ ಅನುಮಾನ ಉಳಿದಿದೆ: ಎರಡನೇ ಟ್ರೇಯವು ಅಷ್ಟೇ ಉಬ್ಬಿದರೂ ತಲೆ ಮಾತ್ರ ಹೆಚ್ಚು ಕಪ್ಪಾಗಿ, ತುಸು ಒಣಗಿದಂತಾದವು. ಎರಡಕ್ಕೂ 180 ಡಿಗ್ರಿ, 22 ನಿಮಿಷವೇ ಇಟ್ಟಿದ್ದೆ.

ಸೌದೆಭಟ್ಟಿ (ಹಾಸನ), ಶನಿವಾರ ರಾತ್ರಿ 10.30

ಚಿಕ್ಕ ಓಟಿಜಿಯಲ್ಲಿ ಅದು ಸಹಜ. ಮೊದಲ ಟ್ರೇಯ ಹೊತ್ತಿಗೆ ಹತ್ತು ನಿಮಿಷ ಕಾದ ಓವನ್. ಎರಡನೆಯದರ ಹೊತ್ತಿಗೆ ಗೋಡೆ, ಜಾಲರಿ ಎಲ್ಲವೂ ಮುಕ್ಕಾಲು ಗಂಟೆ ಕಾದಿರುತ್ತವೆ, ಮೇಲಿನ ಕಂಬಿಯೂ ಮಫಿನ್ ತಲೆಗೆ ಬಹಳ ಹತ್ತಿರ. ಎರಡನೇ ಟ್ರೇಗೆ 170 ಇಟ್ಟು, ಜಾಲರಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಹದಿನೆಂಟನೇ ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿ. ಮಗುವಿಗೆ ನಮ್ಮೆಲ್ಲರ ಆಶೀರ್ವಾದ ತಿಳಿಸಿ.

ಕಡಲಕರೆ (ಕುಂದಾಪುರ), ಶನಿವಾರ ರಾತ್ರಿ 10.45

ಕಾಗದ ಅಂಟುವುದು ಬಿಸಿಯಲ್ಲಿ ಬಿಡಿಸಿದರೆ. ಪೂರ್ತಿ ಆರಲು ಬಿಡಿ. ಕಾಲುಚೀಲ ಸಿಕ್ಕಿತೇ?

ಎರಡನೇಮಹಡಿ (ಮೈಸೂರು), ಶನಿವಾರ ರಾತ್ರಿ 10.50

ಸಿಕ್ಕಿತು. ಅವನೇ ಹುಡುಕಿಕೊಂಡ.